ಕೊಟ್ಟ ಬೀಜ ಕಲ್ಲು

ನಮ್ಮ ಊರಿನಲ್ಲಿ ಚಿಟುಕಿ ಹೂವಿನ ಬೀಜವನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಜಿಪುಣತನದಿಂದಲ್ಲ. ಕೊಟ್ಟ ಬೀಜ ಮೊಳೆಯುವುದಿಲ್ಲ. ಕೇಳಿ ತಂದದ್ದೂ ಮೊಳೆಯುವುದಿಲ್ಲ, ನಮ್ಮ ಹಿತ್ತಲಲ್ಲಿ ನಾವೇ ಆರಿಸಿಟ್ಟುಕೊಂಡದ್ದೂ ಮೊಳೆಯುವುದಿಲ್ಲ. ಇನ್ನೊಬ್ಬರ ಹಿತ್ತಲಿಂದ ಕದ್ದದ್ದು ಮಾತ್ರ ಮೊಳೆಯುತ್ತದೆ. ಕೊಟ್ಟ ಬೀಜ ಕಲ್ಲು, ಕದ್ದ ಬೀಜ ಹುಲ್ಲು ಎಂದು ನಮ್ಮಲ್ಲಿ ಹೇಳುತ್ತಾರೆ. ಹಾಗಾಗಿ ಹಸ್ತಾ ಮಳೆಯ ಹದಿನಾಲ್ಕು ದಿನ ಮಧ್ಯಾಹ್ನದ ಊಟವಾದ ಮೇಲೆ ಊರಿಗೆ ಊರೇ ಗೋಡೆಯ ಕಡೆ ಮುಖ ಮಾಡಿ ಮಲಗುತ್ತದೆ. ಹಿತ್ತಲ ಬಾಗಿಲ ಚಿಲಕ ಹಾಕುವುದಿಲ್ಲ. ಬೇಕಾದವರು ಬಂದು ಕದ್ದು ಹೋಗುತ್ತಾರೆ. ಸಂಜೆ ಬೀಜ ಕಳೆದುಕೊಂಡವಳು ನಲ್ಲಿಯ ಹತ್ತಿರ, "ಯಾವಳೋ ನನ್ನ ಚಿಟುಕಿ ಬಳ್ಕೊಂಡು ಹೋದ್ಲು, ಅವಳ ಕೈ ಸೇದಿಹೋಗ" ಎಂದು ಬೈಯುತ್ತಾಳೆ. ಕದ್ದವಳು ಪಕ್ಕದಲ್ಲೇ ಕೊಡ ಹಿಡಿದು ನಿಂತು, "ಅಯ್ಯೋ ಪಾಪ, ಎಷ್ಟು ಕಾಯಿ ಹೋದ್ವಕ್ಕ" ಎನ್ನುತ್ತಾಳೆ. ಪರವೂರಿನಿಂದ ಮದುವೆಯಾಗಿ ಬಂದವರಿಗೆ ಮೊದಲ ವರ್ಷ ಇದು ಬಹಳ ಕಷ್ಟ. ಆಮೇಲೆ ಅವರೂ ಚೆನ್ನಾಗಿ ಬೈಯಲು ಕಲಿಯುತ್ತಾರೆ.

ಚಿಟುಕಿ ಗೇಣುದ್ದದ ಗಿಡ. ಒಂದು ಮಳೆಗಾಲ ಬದುಕುತ್ತದೆ, ಅಷ್ಟೆ. ಹೂವು ಹೆಬ್ಬೆರಳ ಉಗುರಿನಷ್ಟು, ಬೂದಿ ಬೆರೆತ ನೀಲಿ, ಗಂಟಲಲ್ಲಿ ಅರಿಶಿನದ ಒಂದು ಚುಕ್ಕೆ. ವಾಸನೆಯಿಲ್ಲ. ಕಿತ್ತರೆ ತುರುಬಿಗೆ ಮುಟ್ಟುವ ಮೊದಲೇ ಬಾಡುತ್ತದೆ, ಆದ್ದರಿಂದ ಮುಡಿಯಲೂ ಆಗದು, ದೇವರಿಗೆ ಏರಿಸಲೂ ಆಗದು. ಕಾಯಿ ಬಲಿತಾಗ ಮುಟ್ಟಿದರೆ ಸಾಕು, ಬೆರಳಿನಿಂದ ಚಿಟುಕಿ ಹೊಡೆದ ಹಾಗೆ ಸದ್ದು ಮಾಡಿ ಸಿಡಿದು ಬೀಜ ಎರಚುತ್ತದೆ. ಮೊದಲು ಇದು ಊರ ಹಿಂದಿನ ಕರಿಗುಡ್ಡದ ತುಂಬ ಇತ್ತಂತೆ. ನಮ್ಮವ್ವ ಚಿಕ್ಕವಳಾಗಿದ್ದಾಗ ಅಲ್ಲಿ ಮೇಕೆ ಕಾಯುತ್ತಿದ್ದಳು. ಮಘಾ ಮಳೆಯಲ್ಲಿ ಗುಡ್ಡ ನೀಲಿಯಾಗುತ್ತಿತ್ತು, ಮೇಕೆಗಳ ಮೂತಿಯೂ ನೀಲಿಯಾಗುತ್ತಿತ್ತು ಎನ್ನುತ್ತಾಳೆ. ಈಗ ಗುಡ್ಡವಿಲ್ಲ. ಜಲ್ಲಿಯಾಗಿ ಲಾರಿಗಳಲ್ಲಿ ಹೋಯಿತು. ಆ ಜಾಗದಲ್ಲಿ ಹಸಿರು ನೀರಿನ ದೊಡ್ಡ ಗುಂಡಿಯಿದೆ. ಉಳಿದ ಚಿಟುಕಿಯೆಲ್ಲ ಹಿತ್ತಲುಗಳಲ್ಲಿ ಉಳಿದದ್ದು. ಇದೂ ಹೋದರೆ ತಾನು ಮೇಕೆ ಕಾಯ್ದದ್ದೇ ಸುಳ್ಳಾಗುತ್ತದೆ ಎಂದು ಅವ್ವ ಒಮ್ಮೆ ಹೇಳಿದ್ದಳು.

ಅವ್ವನಷ್ಟು ಚೆನ್ನಾಗಿ ಅದನ್ನು ಬೆಳೆಸುವವರು ಊರಲ್ಲಿ ಇರಲಿಲ್ಲ. ಗುಡ್ಡ ಸಿಡಿಸುತ್ತಿದ್ದಾಗ ಅವಳು ಬುಟ್ಟಿಗಟ್ಟಲೆ ಕರಿಕಲ್ಲಿನ ಚೂರು ಹೊತ್ತು ತಂದು ಹಿತ್ತಲಲ್ಲಿ ಹಾಸಿದ್ದಳು. ಅದರ ಮೇಲೆ ಬೆರಳು ಮುಳುಗುವಷ್ಟೇ ಮಣ್ಣು. ಗೊಬ್ಬರ ಹಾಕಬಾರದು. ಹಾಕಿದರೆ ಗಿಡ ಎಲೆ ಬಿಡುತ್ತಾ ಹೂ ಬಿಡುವುದನ್ನೇ ಮರೆಯುತ್ತದೆ. ಕೊಡದಿಂದ ನೀರು ಸುರಿಯಬಾರದು, ಹೆಂಚಿನ ಅಂಚಿನಿಂದ ತೊಟ್ಟಿಕ್ಕುವ ನೀರೇ ಸಾಕು. ಆರಿದ್ರಾ ಮಳೆಯ ಎರಡನೇ ದಿನ ಬೀಜ ಉದುರಿಸಿ, ಮೇಲೆ ಮಣ್ಣು ಎಳೆಯದೆ, ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಮಗುವಿನ ನೆತ್ತಿಗೆ ಎಣ್ಣೆ ಒತ್ತಿದ ಹಾಗೆ. ಗಿಡ ಚೆನ್ನಾಗಿರುವ ಹಿತ್ತಲಿಗೇ ಕಳ್ಳರು ಬರುವುದು. ಹಾಗಾಗಿ ಊರಿನ ಮುಕ್ಕಾಲು ಚಿಟುಕಿ ನಮ್ಮ ಹಿತ್ತಲಿಂದಲೇ ಹೋಗುತ್ತಿತ್ತು. ಅವ್ವ ಮಾತ್ರ ಗೋಡೆಯಾಚೆಯ ಕರಿಬಸಮ್ಮನ ಹಿತ್ತಲಿಂದ ಕದ್ದು ತರುತ್ತಿದ್ದಳು. ಕರಿಬಸಮ್ಮ ನಮ್ಮಿಂದ ಕದಿಯುತ್ತಿದ್ದಳು. ಇಬ್ಬರೂ ಇಪ್ಪತ್ತು ವರ್ಷದಿಂದ ನಲ್ಲಿಯ ಹತ್ತಿರ ಒಬ್ಬರಿಗೊಬ್ಬರು ಶಾಪ ಹಾಕಿಕೊಂಡು ಬಂದವರು. ಅಷ್ಟು ಗಟ್ಟಿಯಾದ ಸ್ನೇಹ ನಾನು ಬೇರೆಲ್ಲೂ ಕಂಡಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಎದ್ದು ನಿಂತು ಪಾಠ ಓದು ಎಂದರೆ ನನ್ನ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಮೇಷ್ಟ್ರು ಇಡೀ ಪೀರಿಯಡ್ ನಿಲ್ಲಿಸಿದರು, ಮರುದಿನ ನಾನು ಹೋಗಲಿಲ್ಲ. ಟೈಲರ್ ಮಲ್ಲೇಶಪ್ಪ ಬ್ಲೌಸುಗಳನ್ನು ನಮ್ಮನೆಗೆ ಕಳಿಸತೊಡಗಿದ. ಹೆಮ್ಮಿಂಗ್ ಮಾಡುವುದು, ಹುಕ್ಕು ಹಾಕುವುದು, ಕಾಜ ಕಟ್ಟುವುದು. ಹಿಂದಿನ ಕೋಣೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು, ಅಲ್ಲೇ ಕೂತೆ. ಕಿಟಕಿ ಹಿತ್ತಲ ಕಡೆಗಿತ್ತು. ಮಧ್ಯಾಹ್ನ ದೊಡ್ಡವರು ಮಲಗುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಶಾಲೆಯಲ್ಲೂ ಇಲ್ಲದ, ನಿದ್ದೆಯಲ್ಲೂ ಇಲ್ಲದವಳು ಊರಲ್ಲಿ ನಾನೊಬ್ಬಳೇ. ನಾನು ಸದ್ದು ಮಾಡುವವಳಲ್ಲವಾದ್ದರಿಂದ ನಾನೂ ಮಲಗಿದ್ದೇನೆ ಎಂದೇ ಅವ್ವ ತಿಳಿದಿದ್ದಳು.

ಕಳ್ಳರನ್ನು ನಾನು ತೋಳಿನ ಅಂಚಿನಿಂದಲೇ ಗುರುತಿಸುತ್ತಿದ್ದೆ. ಮುಖಕ್ಕೆ ಸೆರಗು ಎಳೆದುಕೊಂಡು ಬಂದರೂ ತೋಳಿನಂಚಿನ ಹೊಲಿಗೆ ನನ್ನದೇ ಅಲ್ಲವೇ. ಒಬ್ಬಳು ಕಾಯಿ ಮುಟ್ಟುವ ಮೊದಲು ನೆಲಕ್ಕೆ ನಮಸ್ಕಾರ ಮಾಡುತ್ತಿದ್ದಳು. ಇನ್ನೊಬ್ಬಳು ಕದ್ದು ಹೋಗುವಾಗ ನಮ್ಮ ಕರಿಬೇವನ್ನೂ ಎರಡು ಎಸಳು ಮುರಿಯುತ್ತಿದ್ದಳು. ಕರಿಬಸಮ್ಮ ಮಾತ್ರ ತನ್ನ ಮನೆಗೇ ಬಂದವಳಂತೆ ಬಂದು, ಒಂದು ಕೈಯನ್ನು ಬಟ್ಟಲು ಮಾಡಿ ಕಾಯಿಯ ಕೆಳಗೆ ಹಿಡಿದು, ಇನ್ನೊಂದು ಕೈಯಿಂದ ಮುಚ್ಚಿ, ಒಳಗೇ ಸಿಡಿಸುತ್ತಿದ್ದಳು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ. ಇದರಲ್ಲಿ ತಪ್ಪಿದೆ ಎಂದು ನನಗೆ ತೋಚಿರಲಿಲ್ಲ. ಮಲಗಿದವರು ನೋಡಬಾರದು ಎಂದು ನಿಯಮವಿದ್ದೀತು, ಎಚ್ಚರವಿದ್ದವರ ವಿಚಾರ ಯಾರೂ ಹೇಳಿರಲಿಲ್ಲ.

ನಾನು ಶಾಲೆ ಬಿಟ್ಟಾಗ ಊರಲ್ಲಿ ಏಳು ಹಿತ್ತಲುಗಳಲ್ಲಿ ಚಿಟುಕಿ ಇತ್ತು. ಮರುವರ್ಷ ಐದಾಯಿತು. ಆಮೇಲೆ ಮೂರು, ಎರಡು. ನಾಲ್ಕನೇ ಮಳೆಗಾಲಕ್ಕೆ ನಮ್ಮಲ್ಲಿ ಒಂಬತ್ತು ಗಿಡ, ಬೇರೆಲ್ಲೂ ಒಂದೂ ಇಲ್ಲ. ಅವು ಹಿಂದಿನ ವರ್ಷ ಕರಿಬಸಮ್ಮನ ಹಿತ್ತಲಿಂದ ಅವ್ವ ತಂದ ಬೀಜದವು. ಕರಿಬಸಮ್ಮ ನಮ್ಮಿಂದ ಒಯ್ದದ್ದು ಕಣ್ಣೇ ಬಿಡಲಿಲ್ಲ. ಅಲ್ಲಿಯವರೆಗೆ ಅವಳು ಬೇರೆ ಹಿತ್ತಲಿಂದಲೂ ಕದ್ದು ನಿಭಾಯಿಸಿದ್ದಳು, ಆಮೇಲೆ ಕದಿಯಲು ಬೇರೆ ಹಿತ್ತಲೇ ಉಳಿದಿರಲಿಲ್ಲ. ಈ ಒಂಬತ್ತು ಗಿಡದ ಬೀಜವನ್ನು ಯಾರಾದರೂ ಕದ್ದು ಬೆಳೆಸದಿದ್ದರೆ ಅಲ್ಲಿಗೆ ಮುಗಿಯಿತು.

ಊರು ಅವ್ವನನ್ನು ಅನುಮಾನಿಸಿತು. ಹಿಟ್ಟಿನ ಗಿರಣಿಯಲ್ಲಿ ನನ್ನನ್ನು ಕಂಡು ಮಾತು ನಿಲ್ಲುತ್ತಿತ್ತು. ಒಂದು ದಿನ ನಿಲ್ಲಲಿಲ್ಲ. ಕರಿಬೇವು ಮುರಿಯುತ್ತಿದ್ದವಳೇ ಹೇಳಿದಳು: "ನಿಮ್ಮವ್ವ ಗಿಡಕ್ಕೆ ಸುಣ್ಣದ ನೀರು ಕುಡಿಸ್ತಾಳಂತೆ ಹೌದೇನೆ ಹಾಲಮ್ಮ? ಹೂ ಬರಬೇಕು, ಬೀಜ ಸಾಯಬೇಕು ಅಂತ?"

ನಾನು ತಲೆ ಅಲ್ಲಾಡಿಸಿದೆ.

"ಬಾಯಿ ಬಿಟ್ಟು ಹೇಳೇ ತಾಯಿ. ಹುಕ್ಕು ಹಾಕ್ಕೊಂಡು ಬಂದಿದ್ದೀಯೇನು ಬಾಯಿಗೆ."

ಎಲ್ಲರೂ ನಕ್ಕರು. ನಾನು ಹಿಟ್ಟು ಬೀಳುವುದನ್ನೇ ನೋಡುತ್ತಾ ನಿಂತೆ. ನನ್ನ ಅನುಮಾನ ಬೇರೆಯಿತ್ತು. ಬೀಜ ನಮ್ಮ ಹಿತ್ತಲಿಂದ ಸರಿಯಾಗಿಯೇ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗಿದ್ದರೆ ಒಯ್ದವರೇ ಏನೋ ಮಾಡುತ್ತಿದ್ದಾರೆ. ಕರಿಬಸಮ್ಮನ ಮೇಲೇ ನನ್ನ ಕಣ್ಣು ಹೋಯಿತು. ಅವಳು ಬೀಜವನ್ನು ಒಯ್ದು ಬೇಕೆಂದೇ ಒಲೆಗೆ ಹಾಕುತ್ತಿರಬೇಕು, ಅವ್ವನ ಹೆಸರು ಕೆಡಲಿ ಎಂದು. ಎಷ್ಟು ಯೋಚಿಸಿದರೆ ಅಷ್ಟು ಸರಿಯೆನ್ನಿಸಿತು. ಅವಳು ಬಾಗಿಲಲ್ಲಿ ನಕ್ಕರೆ ಯಾಕೆ ನಕ್ಕಳು ಎಂದುಕೊಳ್ಳುತ್ತಿದ್ದೆ, ನಗದಿದ್ದರೆ ಯಾಕೆ ನಗಲಿಲ್ಲ ಎಂದುಕೊಳ್ಳುತ್ತಿದ್ದೆ. ಆ ವರ್ಷ ಇನ್ನೂ ಹುಷಾರಾಗಿ ನೋಡಬೇಕೆಂದು ಹಸ್ತಾ ಹುಟ್ಟುವ ಮೊದಲೇ ಕಿಟಕಿಗೆ ಅಡ್ಡ ಬಂದಿದ್ದ ಬಳ್ಳಿಯನ್ನು ಕತ್ತರಿಸಿದೆ.

ಅವಳು ಬಂದದ್ದು ಮೂರನೇ ದಿನ. ನಾನೇ ಕಾಜ ಕಟ್ಟಿದ ಹಾಗಲಕಾಯಿ ಬಣ್ಣದ ಬ್ಲೌಸು. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಕೈ ಬಟ್ಟಲು ಮಾಡಿ ಒಂದು ಕಾಯಿ ಸಿಡಿಸಿದಳು. ಹಿಂಡಿ ಹಾಕುತ್ತಾಳೋ ಏನೋ ಎಂದು ನಾನು ಮುಂದಕ್ಕೆ ಬಾಗಿದೆ. ಮಡಿಲಿನ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಅವಳು ತಲೆ ಎತ್ತಿದಳು. ನಮ್ಮಿಬ್ಬರ ಕಣ್ಣು ಕೂಡಿದವು. ಅವಳು ನನ್ನನ್ನೇ ನೋಡುತ್ತಾ ಅಂಗೈ ಬಿಡಿಸಿದಳು. ಬೀಜ ಕಲ್ಲಿನ ಮೇಲೆ ಉದುರಿದವು. ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿ, ಅವಸರವಿಲ್ಲದೆ ಹೋದಳು.

ಸಂಜೆ ಮುಂಬಾಗಿಲಿಗೆ ಬಂದಳು. ಒಳಗೆ ಕರೆದರೂ ಹೊಸಿಲು ದಾಟಲಿಲ್ಲ.

"ತಿಪ್ಪಕ್ಕ, ನಿನ್ನ ಮಗಳು ಮಧ್ಯಾಹ್ನ ಮಲಗಲ್ವಾ?"

"ಮಲಗ್ತಾಳಲ್ಲ. ಯಾಕೆ?"

"ಅವಳನ್ನೇ ಕೇಳು."

ಅವ್ವ ನನ್ನ ಕಡೆ ತಿರುಗಿದಳು. "ಎಷ್ಟು ವರ್ಷದಿಂದ ಕೂತಿದ್ದೀಯೆ ಆ ಕಿಟಕೀಲಿ" ಎಂದು ಕರಿಬಸಮ್ಮ ಕೇಳಿದಳು. ನಾನು ನಾಲ್ಕು ಬೆರಳು ತೋರಿಸಿದೆ.

"ನಾಲ್ಕು ವರ್ಷ ನಾನು ಕದ್ದೆ ಅಂದ್ಕೊಂಡಿದ್ದೆ ಕಣಕ್ಕ," ಎಂದಳು ಅವಳು. ಧ್ವನಿ ಏರಿಸಲಿಲ್ಲ. "ನಾನು ಕದ್ದಿಲ್ಲ. ಇವಳು ಕೊಟ್ಟಿದ್ದಾಳೆ. ಭಿಕ್ಷೆ ಹಾಕ್ದಂಗೆ, ನೋಡ್ತಾ ಕೂತು ಕೊಟ್ಟಿದ್ದಾಳೆ. ನಂಗಷ್ಟೇ ಅಲ್ಲ, ಊರಿಗೆಲ್ಲ ಕೊಟ್ಟಿದ್ದಾಳೆ. ಇಷ್ಟು ದಿನ ನಾನು ನಿನ್ನ ಮೇಲೆ ಅನುಮಾನ ಪಡ್ತಿದ್ದೆ, ಸುಣ್ಣದ ನೀರಂತೆ, ಬಿಸಿನೀರಂತೆ. ಮನೆಯೊಳಗೇ ಇತ್ತಲ್ಲ ಸುಣ್ಣ."

"ಮಗು, ಅದಕ್ಕೆ ಗೊತ್ತಿರ್ಲಿಲ್ಲ ಕಣೆ ಕರಿಬಸಿ," ಎಂದಳು ಅವ್ವ.

"ಹತ್ತೊಂಬತ್ತು ವರ್ಷದ ಮಗು. ಆಯ್ತು. ಇನ್ನು ಆ ಹಿತ್ತಲಿಗೆ ನಾನು ಕಾಲಿಡಲ್ಲ. ನಾಚಿಕೆ ಅಂತ ಒಂದು ಐತೆ ನಂಗೂ."

ಅವ್ವ ನನ್ನನ್ನು ಬೈಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು: "ಯಾರ್ಯಾರು ಬರ್ತಿದ್ರು?" ನಾನು ಹೇಳಲು ಬಾಯಿ ತೆರೆದೆ. "ಬೇಡ," ಎಂದಳು. "ಹೇಳ್ಬೇಡ. ನಾಳೆ ಅವರ ಮುಖ ನೋಡ್ಬೇಕು ನಾನು."

ನಾನು ಮರುದಿನವೇ ಕಿಟಕಿ ಬಿಟ್ಟು ಮುಂದಿನ ಕೋಣೆಗೆ ಚಾಪೆ ಒಯ್ದೆ. ಆದರೆ ಸುದ್ದಿ ಊರಿಗೆಲ್ಲ ಹೋಗಿತ್ತು. ಯಾರೂ ಬರಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಇವಳು ಇನ್ನೇನೇನು ನೋಡಿದ್ದಾಳೋ ಎಂದು. ನೋಡಿದ್ದೆನಲ್ಲ, ಅದೇ ಕಷ್ಟ. ಮಲ್ಲೇಶಪ್ಪನ ಅಂಗಡಿಗೆ ಇಬ್ಬರು ಹೋಗಿ, ನಮ್ಮ ಬ್ಲೌಸು ಆ ಹುಡುಗಿ ಕೈಗೆ ಹೋಗಬಾರದು ಎಂದು ಹೇಳಿ ಬಂದರಂತೆ. ಹತ್ತನೇ ದಿನ ಬಿಸಿಲು ಚುರುಕಾಗಿತ್ತು. ಮಧ್ಯಾಹ್ನ ಪೂರ್ತಿ ಹಿತ್ತಲಿಂದ ಚಿಟ್, ಚಿಟ್ ಎಂದು ಕೇಳುತ್ತಿತ್ತು. ನಾವಿಬ್ಬರೂ ಗೋಡೆಯ ಕಡೆ ಮುಖ ಮಾಡಿ ಮಲಗಿ ಕೇಳಿದೆವು. ಸಂಜೆಗೆ ಒಂಬತ್ತು ಗಿಡವೂ ಬರಿದಾಗಿದ್ದವು. ಬೀಜವೆಲ್ಲ ನಮ್ಮ ಮಣ್ಣಿಗೇ ಬಿದ್ದಿತ್ತು. ನಮ್ಮ ಮಣ್ಣಿಗೆ ಬಿದ್ದದ್ದು ನಮಗೆ ಕಲ್ಲು.

ಆ ಬೇಸಿಗೆ ಅವ್ವನ ಮಂಡಿ ಊದಿತು. ಔಷಧಿ ಹಾಕಿಸಲು ಅವಳನ್ನು ಕರೆದುಕೊಂಡು ಅವಳ ತಂಗಿಯ ಊರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಬಂದ ಮೇಲೂ ನಾನು ಹಿತ್ತಲ ಕಡೆ ತಲೆ ಹಾಕಲಿಲ್ಲ. ಬಟ್ಟೆ ಒಣಹಾಕಲು ಹೋದರೂ ನೆಲ ನೋಡುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಸಂಜೆ ಮಾತ್ರ ಬಕೆಟ್ ಇಡಲು ಹೋದವಳು ನೋಡಿದೆ. ಕರಿಕಲ್ಲಿನ ಹಾಸಿನ ಮಧ್ಯೆ ನೀರು ನಿಂತಿತ್ತು. ಅಲ್ಲಿ ನೀರು ನಿಲ್ಲುವುದೇ ಇಲ್ಲ. ಕೈ ಹಾಕಿದೆ. ಒಂದು ಬುಟ್ಟಿಯ ಬಾಯಿಯಷ್ಟು ಅಗಲಕ್ಕೆ ಮಣ್ಣಿಲ್ಲ, ಬರೀ ಕಲ್ಲು. ಯಾರೋ ಕೆರೆದು ಬಳಿದುಕೊಂಡು ಹೋಗಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು. ಬೀಜ ಸಾಲದೆಂದು ಅವ್ವ ಹೊತ್ತು ಹಾಸಿದ ಮಣ್ಣನ್ನೂ ಒಯ್ದರಲ್ಲ ಎಂದು. ಪೈಪು ಅಗೆಯುವವರು, ಒಲೆ ಮೆತ್ತುವವರು, ನಾಯಿ, ಹೆಗ್ಗಣ, ಎಲ್ಲರ ಮೇಲೂ ಅನುಮಾನ ಪಟ್ಟೆ. ಒಳಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮಂಚದ ಮೇಲೆ ಎದ್ದು ಕೂತಳು.

"ಯಾವಾಗ ಒಯ್ದರು?"

"ಗೊತ್ತಿಲ್ಲ."

"ಯಾರು ಅಂತ ನೋಡಿದ್ಯಾ?"

"ಇಲ್ಲ. ನಾನು ನೋಡ್ಲಿಲ್ಲ."

ಅವ್ವ ನಗಲು ಶುರು ಮಾಡಿದಳು. ಯಾಕೆ ನಗುತ್ತಾಳೆಂದು ನನಗೆ ತಿಳಿಯಲು ಮಘಾ ಮಳೆಯವರೆಗೆ ಕಾಯಬೇಕಾಯಿತು. ಆಗ ಕರಿಬಸಮ್ಮನ ಗೋಡೆಯ ಸಂದಿಯಲ್ಲಿ ನೀಲಿ ಕಂಡಿತು. "ಬೀಜ ಬಿಟ್ಟು ಮಣ್ಣನ್ನೇ ಹೊತ್ತಳಲ್ಲೇ, ಹಾಳಾದೋಳು," ಎಂದಳು ಅವ್ವ. ಅಷ್ಟು ಪ್ರೀತಿಯಿಂದ ಅವಳು ನನ್ನನ್ನೂ ಬೈದದ್ದಿಲ್ಲ.

ಆ ವರ್ಷ ನಮ್ಮಲ್ಲಿ ಒಂದೂ ಇರಲಿಲ್ಲ, ಕರಿಬಸಮ್ಮನಲ್ಲಿ ಮಾತ್ರ ಇತ್ತು. ಅವಳಿಂದ ಯಾರಾದರೂ ಕದಿಯಬೇಕು. ಅವ್ವನ ಕಾಲು ಗೋಡೆ ದಾಟುವಂತಿರಲಿಲ್ಲ. ಉಳಿದ ಹೆಂಗಸರು ಆ ಕಸುಬನ್ನೇ ಬಿಟ್ಟಿದ್ದರು. ನೋಡಿಸಿಕೊಂಡ ನಾಚಿಕೆ ಇನ್ನೂ ಹೋಗಿರಲಿಲ್ಲ.

"ಈ ಸಲ ನೀನೇ ಹೋಗಬೇಕು," ಎಂದಳು ಅವ್ವ.

"ನನ್ನಿಂದ ಆಗಲ್ಲವ್ವ."

"ನೋಡಕ್ಕೆ ಆಗುತ್ತೆ, ಕದಿಯಕ್ಕೆ ಆಗಲ್ವಾ? ಯಾವತ್ತು ಹೋಗ್ತೀಯ ಅಂತ ನಂಗೆ ಹೇಳ್ಬೇಡ. ನಾನು ಸಂಜೆ ನಲ್ಲಿಗೆ ಹೋಗಿ ಮುಖ ಗಂಭೀರ ಇಟ್ಕೋಬೇಕು."

ಹಸ್ತಾ ಮಳೆಯ ಐದನೇ ದಿನ ಗೋಡೆ ಹತ್ತಿದೆ. ಗೋಡೆಯ ಮೇಲೆ ಕೂತಾಗ ಊರಿನ ಎಲ್ಲ ಕಿಟಕಿಗಳೂ ನನ್ನ ಕಡೆಗೇ ಇದ್ದಂತೆ ಕಂಡಿತು. ಇಳಿದೆ. ಹದಿಮೂರು ಗಿಡ. ಕರಿಬಸಮ್ಮನ ಮನೆಯ ಹಿಂದೆಯೂ ಒಂದು ಕಿಟಕಿ, ಅರ್ಧ ತೆರೆದಿತ್ತು. ಒಳಗಿಂದ ಗೊರಕೆ. ಗೊರಕೆ ಬಹಳ ಸರಿಯಾಗಿತ್ತು, ಎಳೆದು, ಬಿಟ್ಟು, ಎಳೆದು. ಅವಳ ಅತ್ತೆ ಮುದುಕಿಯದಿರಬಹುದು. ಕರಿಬಸಮ್ಮನೇ ಬೇಕೆಂದು ಮಾಡುತ್ತಿರಬಹುದು. ನಾನು ನಾಲ್ಕು ವರ್ಷ ಮಾಡಿದ್ದನ್ನು ಅವಳು ಇವತ್ತೊಂದು ದಿನ ಮಾಡಿದರೆ ಸಾಕು, ಸೇಡು ತೀರಿತು. ಕಿಟಕಿಯ ಸಂದಿಯಲ್ಲಿ ನಿಂತು ನೋಡಿದರೆ ಸಾಕು. ಬೀಜ ಒಯ್ಯಲು ಬಿಟ್ಟು, ಆರಿದ್ರೆಯಲ್ಲಿ ನಾವು ಬರಿಯ ಮಣ್ಣು ನೋಡುತ್ತಾ ಕೂರುವ ಹಾಗೆ. ನನ್ನ ಕುತ್ತಿಗೆಯ ಹಿಂದೆ ಯಾರೋ ಬೆರಳಿಟ್ಟ ಹಾಗಾಯಿತು. ತಿರುಗಿ ನೋಡಿದರೆ ತಿಳಿಯುತ್ತದೆ. ಆದರೆ ತಿರುಗಿದಾಗ ಅವಳು ಅಲ್ಲಿದ್ದರೆ ಎಲ್ಲ ಮುಗಿಯಿತು, ಹೋದ ವರ್ಷದ ಹಾಗೆಯೇ. ನೋಡದಿದ್ದರೆ ತಿಳಿಯುವುದೇ ಇಲ್ಲ. ಹುಟ್ಟಿದಾಗಿನಿಂದ ನಾನು ಬಾಯಲ್ಲಿ ಆಡದ್ದನ್ನೆಲ್ಲ ಕಣ್ಣಲ್ಲೇ ಮಾಡಿದವಳು. ಆ ಹೊತ್ತು ಕಣ್ಣನ್ನು ಕಾಯಿಯ ಮೇಲಿಂದ ಕದಲಿಸಲಿಲ್ಲ. ಕತ್ತು ನೋವು ಬಂದಿತು, ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ. ಒಂದು ಕೈ ಬಟ್ಟಲು ಮಾಡಿದೆ, ಇನ್ನೊಂದರಿಂದ ಮುಚ್ಚಿದೆ. ಕಾಯಿ ಕೈಯೊಳಗೆ ಸಿಡಿದಾಗ ಗುಬ್ಬಿಮರಿಯ ಎದೆ ಹೊಡೆದುಕೊಂಡಂತಾಯಿತು. ನಾಲ್ಕು ಕಾಯಿ ಸಿಡಿಸಿದೆ. ಬಲಗೈ ಮುಷ್ಟಿ ಕಟ್ಟಿದೆ. ಒಂದೇ ಕೈಯಲ್ಲಿ ಗೋಡೆ ಹತ್ತಲಾಗದೆ ಅವಳ ಮನೆಯ ಪಕ್ಕದ ಸಂದಿಯಿಂದ ಬೀದಿಗೆ ಬಂದೆ.

ಬೀದಿಯಲ್ಲಿ ಎದುರಿಗೆ ಕರಿಬಸಮ್ಮ. ತಲೆಯ ಮೇಲೆ ಹಿಟ್ಟಿನ ಡಬ್ಬ.

"ಎಲ್ಲಿಗೆ ಹೋಗಿದ್ದೆ ಹಾಲಮ್ಮ, ಈ ಬಿಸಿಲಲ್ಲಿ?"

"ದಾರ ತರಕ್ಕೆ, ಅತ್ತೆ," ಎಂದೆ. ಗಂಟಲು ಮುಚ್ಚಿಕೊಳ್ಳಲಿಲ್ಲ. "ಹಾಗಲಕಾಯಿ ಬಣ್ಣದ್ದು. ಮಲ್ಲೇಶಪ್ಪನ ಹತ್ರ ಇರ್ಲಿಲ್ಲ. ಶೆಟ್ರ ಅಂಗಡೀಲೂ ಇರ್ಲಿಲ್ಲ. ನಾಳೆ ಬರುತ್ತಂತೆ." ನನ್ನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು. ಅದರಲ್ಲಿ ಒಂದೂ ನಿಜವಿರಲಿಲ್ಲ.

"ಬಣ್ಣ ಸರಿಯಾಗಿ ನೋಡ್ಕೊಂಡು ತಗೋ," ಎಂದಳು. "ಸ್ವಲ್ಪ ಕೈ ಕೊಡು, ಡಬ್ಬ ಇಳಿಸ್ತೀನಿ, ಕತ್ತು ಹಿಡ್ಕೊಂತು."

ನಾನು ಎಡಗೈ ಕೊಟ್ಟೆ. ಅವಳು ನನ್ನ ಬಲಗೈ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಮೋಡ ನೋಡಿ, ಸಂಜೆ ಮಳೆ ಬರಬಹುದು ಎಂದಳು. ಮನೆಗೆ ಬಂದು ಬೀಜವನ್ನು ಬಟ್ಟೆಯಲ್ಲಿ ಕಟ್ಟುವಾಗ ನೆನಪಾಯಿತು. ಗಿರಣಿಯಿಂದ ಬಂದ ಹಿಟ್ಟಿನ ಡಬ್ಬ ಮುಟ್ಟಿದರೆ ಕೈ ಬಿಸಿಯಾಗುತ್ತದೆ. ಆ ತಗಡು ತಣ್ಣಗಿತ್ತು.

ಒಂಬತ್ತು ತಿಂಗಳು ನಾನು ಆ ತಣ್ಣನೆಯ ತಗಡನ್ನು ಯೋಚಿಸಿದೆ. ಕಿಟಕಿಯಿಂದ ನೋಡಿ, ಮುಂಬಾಗಿಲಿಂದ ಡಬ್ಬ ಹೊತ್ತು ಬಂದಳೇ? ಗಿರಣಿಯಲ್ಲಿ ಕರೆಂಟು ಹೋಗಿ ಬೀಸಿದ ಹಿಟ್ಟು ತಣಿಯುವವರೆಗೆ ಕೂತಿದ್ದಳೇ? ಅವ್ವನಿಗೆ ಹೇಳಲಿಲ್ಲ. ಆರಿದ್ರಾ ಎರಡನೇ ದಿನ ಮಣ್ಣು ಕೆರೆದಿದ್ದ ಕುಳಿಗೆ ಹೊಸ ಮಣ್ಣು ತುಂಬಿ, ಬೀಜ ಉದುರಿಸಿ, ಅಂಗೈಯಿಂದ ಒತ್ತಿದೆ. ಆರು ದಿನ ಏನೂ ಇಲ್ಲ. ಏಳನೇ ಬೆಳಿಗ್ಗೆ ಅವ್ವ ಕೋಲೂರಿ ಹಿತ್ತಲಿಗೆ ಹೋದವಳು ತಿರುಗಿ ಬರಲೇ ಇಲ್ಲ. ಹೋಗಿ ನೋಡಿದರೆ ನೋವಿನ ಮಂಡಿಯನ್ನು ಮರೆತು ನೆಲದ ಮೇಲೆ ಕೂತಿದ್ದಳು. ಸಾಸಿವೆಯಷ್ಟು ದೊಡ್ಡ ಜೋಡಿ ಎಲೆ, ಹನ್ನೊಂದು ಕಡೆ. ನಾನೂ ಪಕ್ಕದಲ್ಲಿ ಕೂತೆ. ಡಬ್ಬದ ವಿಚಾರ ಕರಿಬಸಮ್ಮನನ್ನು ನಾನು ಇವತ್ತಿಗೂ ಕೇಳಿಲ್ಲ.

ಈಗ ಮತ್ತೆ ಹಸ್ತಾ. ಕರಿಬಸಮ್ಮನ ಹಿತ್ತಲಲ್ಲಿ ಈ ವರ್ಷ ಒಂದೂ ಇಲ್ಲ, ನಮ್ಮಲ್ಲಿ ಹನ್ನೊಂದೂ ಬಲಿತಿವೆ. ಊಟವಾದ ಮೇಲೆ ಅವ್ವ ಮಲಗಿದಳು. ನಾನೂ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನಿದ್ದೆ ಬರುವುದಿಲ್ಲ, ಅದು ನನಗೆ ಇನ್ನೂ ಒಲಿದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಗೋಡೆಯ ಸುಣ್ಣದ ವಾಸನೆ ಕುಡಿಯುತ್ತಾ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಕಲ್ಲಿನ ಮೇಲೆ ಹೆಜ್ಜೆ. ಆಮೇಲೆ ಒಂದು ಚಿಟ್, ಮುಚ್ಚಿದ ಕೈಯೊಳಗಿನಂಥದ್ದು.

ಬೆಕ್ಕಿರಬೇಕು, ಎಂದುಕೊಂಡೆ.